ಕಾವೇರಿ ದಂಡೆಯ ನಕ್ಷೆ: ಉಪಗ್ರಹವೋ, ಕಾಲ್ನಡಿಗೆಯೋ?

ಭಾಗಮಂಡಲದಿಂದ ಕುಶಾಲನಗರದವರೆಗೆ ಕಾವೇರಿಯ ಮೆಕ್ಕಲು ಮಣ್ಣನ್ನೂ ಹಳೆಯ ದಂಡೆಯ ಮೆಟ್ಟಿಲುಗಳನ್ನೂ (ನದಿ ಹಿಂದೆ ಹರಿದ ಮಟ್ಟದಲ್ಲಿ ಬಿಟ್ಟುಹೋದ, ಹಂತದಂಥ ಸಮತಟ್ಟು ನೆಲ) ನಕ್ಷೆಗಿಳಿಸಲು ಹೊರಟವರಿಗೆ ಎರಡು ದಾರಿಗಳಿವೆ.

ಬಾಹ್ಯಾಕಾಶದಿಂದ ಅಳೆದ ಎತ್ತರದ ದತ್ತಾಂಶ ಉಚಿತ. ಇಡೀ ಕಣಿವೆ ಒಂದೇ ದಿನದಲ್ಲಿ ಪರದೆಯ ಮೇಲೆ. ಆದರೆ 2000ರಲ್ಲಿ ಬಾಹ್ಯಾಕಾಶ ನೌಕೆಯೊಂದರ ರೇಡಾರ್ ಅಳೆದ ಎಸ್‌ಆರ್‌ಟಿಎಂ ದತ್ತಾಂಶದ ಒಂದು ಚೌಕದ ಬದಿ ನೆಲದ ಮೇಲೆ ಸುಮಾರು 30 ಮೀಟರ್. ಮೇಲಾಗಿ ಕಾಫಿ ತೋಟದ ನೆರಳಿನ ಮರಗಳನ್ನೂ ಅದು ನೆಲದ ಎತ್ತರಕ್ಕೆ ಸೇರಿಸಿಬಿಡುತ್ತದೆ. ಮೂರು ಮೀಟರ್ ಎತ್ತರದ ಮೆಟ್ಟಿಲು ಸಿಲ್ವರ್ ಓಕ್‌ಗಳ ನಡುವೆ ಕಳೆದುಹೋಗುತ್ತದೆ.

ನಡೆದು ನೋಡುವುದು ನಿಧಾನ. ಮಳೆಗಾಲವಾದರೆ ಜಿಗಣೆಗಳ ಕಾಟ ಬೇರೆ. ಆದರೂ ಕಲ್ಲು ಕಟ್ಟದ ತೆರೆದ ಬಾವಿಯೊಂದು ಹೇಳುವಷ್ಟನ್ನು ಯಾವ ಚಿತ್ರವೂ ಹೇಳದು. ಮೇಲೆ ಹೂಳು, ಕೆಳಗೆ ಮರಳು, ಅದರಡಿ ಉರುಳಿ ನುಣುಪಾದ ಕಲ್ಲುಗಳಿದ್ದರೆ ಅದು ನದಿಯೇ ಹಾಸಿದ ನೆಲ. ಮೊನಚು ಕಲ್ಲುಗಳು ಮಣ್ಣಿನೊಂದಿಗೆ ಕಲಸಿಹೋಗಿದ್ದರೆ ಗುಡ್ಡದಿಂದ ಜಾರಿ ಬಂದದ್ದು. ಕೊಡಗಿನಲ್ಲಿ 2018ರ ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಗದ್ದೆಯ ಹಂತಗಳನ್ನು ಮಾತ್ರ ನದಿಯ ಮೆಟ್ಟಿಲೆಂದು ತಿಳಿಯಬೇಡಿ, ಅವು ರೈತರ ಕೈಕೆಲಸ.

ಕುಶಾಲನಗರದ ಬಯಲಿನಲ್ಲಿ ಉಪಗ್ರಹದಿಂದಲೇ ಆರಂಭಿಸಬಹುದು. ನಾಪೋಕ್ಲಿನಿಂದ ಮೇಲಕ್ಕೆ, ನಾನಾದರೆ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಬೂಟು ಹಾಕಿಕೊಂಡು ಹೊರಡುತ್ತೇನೆ.