ಕ್ಲೌಡ್ ಬಿಲ್ಲಿಂಗ್ ಮತ್ತು ಭದ್ರತಾ ಪ್ಯಾಕೇಜ್: ಎಲ್ಲರ ಹೆಸರೂ ಇದೆ, ಅವರದ್ದು ಬಿಟ್ಟು

ಫೀಚರ್‌ಗಳ ಪಟ್ಟಿ, ಯಾವ ಪ್ಲಾನಿಗೆ ಎಷ್ಟು ಕೌಂಟರ್, ಇದೆಲ್ಲ ಕಂಪನಿಯ ಬ್ರೋಷರಿನಲ್ಲೇ ಇದೆ, ನೋಡಿರುತ್ತೀರಿ. ನಾನು ಬರೆಯಲು ಕೂತದ್ದು ಒಂದು ಕಾಲಮ್ಮಿನ ಬಗ್ಗೆ. ಪ್ರತಿ ಬಿಲ್ಲು, ಪ್ರತಿ ರಿಫಂಡ್, ಪ್ರತಿ ದರ ಬದಲಾವಣೆಯ ಪಕ್ಕದಲ್ಲಿ ಅದನ್ನು ಮಾಡಿದವರ ಹೆಸರು ತೋರಿಸುವ ಕಾಲಂ. ಇಷ್ಟು ಸಣ್ಣದಕ್ಕೆ ಇಷ್ಟುದ್ದದ ವಿಮರ್ಶೆಯೇ ಅನ್ನಬೇಡಿ. ಈ ವ್ಯವಸ್ಥೆ ನನಗೆ ಹಿಡಿಸಿದ್ದೂ ಅದರಿಂದಲೇ, ಆಮೇಲೆ ಸಿಟ್ಟು ಬಂದದ್ದೂ ಅದರಿಂದಲೇ.

ಬೆಳೆಯುತ್ತಿರುವ ಒಂದು ಚಿಲ್ಲರೆ ವ್ಯಾಪಾರದಲ್ಲಿ ಲೆಕ್ಕವನ್ನೂ ಕಂಪ್ಯೂಟರುಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಇಂಥ ಕಡೆ ಐಟಿಗೆ ಅಂತ ಬೇರೆ ವಿಭಾಗ ಇರುವುದಿಲ್ಲ. 'ನಿಮಗೆ ಕಂಪ್ಯೂಟರ್ ಗೊತ್ತಲ್ಲ' ಅಂತ ಯಾರಾದರೊಬ್ಬರ ತಲೆಗೆ ಕಟ್ಟಿರುತ್ತಾರೆ. ಅಂಗಡಿ ಒಂದೇ ಇದ್ದಾಗ ಹೇಗೋ ನಡೆಯುತ್ತಿತ್ತು. ಶಾಖೆಗಳು ಹೆಚ್ಚಿದರೂ ಅಭ್ಯಾಸಗಳು ಹಳೆಯವೇ ಉಳಿದವು. ಎಲ್ಲ ಕೌಂಟರಿಗೂ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಬಿಲ್ಲಿಂಗ್ ಯಂತ್ರ, ಸಿಸಿಟಿವಿ, ಗ್ರಾಹಕರ ವೈಫೈ ಮೂರೂ ಒಂದೇ ರೂಟರಿನಲ್ಲಿ. ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತವೆ ಅಂತಾಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಮ್ಮ ಹಳೆಯ ಯಂತ್ರಗಳಲ್ಲಿ ಇರಲಿಲ್ಲ. ಹೇಗಿದ್ದರೂ ದುಡ್ಡು ಬಿಚ್ಚಬೇಕಲ್ಲ, ಒಳಗಿರುವುದನ್ನೂ ಬದಲಿಸೋಣ ಎಂದು ಮಾಲೀಕರನ್ನು ಒಪ್ಪಿಸಿದೆ. ಭದ್ರತೆಯ ಹೆಸರಿನಲ್ಲಿ ಕೇಳಿದ್ದರೆ ಆ ಹಣ ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹಳೆಯ ಡೇಟಾ ಹೊಸದಕ್ಕೆ ಸಾಗಿಸಿದ ಕಥೆ ಬೇಡ. ಒಂದೇ ವಸ್ತು ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ ದಾಖಲಾಗಿರುವುದು ಎಲ್ಲ ಅಂಗಡಿಗಳಲ್ಲೂ ಇದ್ದದ್ದೇ. ಶುಚಿ ಮಾಡಿ ಕೊಡುತ್ತೇವೆ ಅನ್ನುವ ಮಾರಾಟದವರ ಮಾತು ನಂಬದೆ ನಿಮ್ಮ ಕಡೆಯ ಒಬ್ಬರನ್ನು ಅದಕ್ಕೆಂದೇ ಕೂರಿಸಿ.

ಇನ್ನು ದಿನದ ಕೆಲಸ. ಬೆಳಿಗ್ಗೆ ಕ್ಯಾಷಿಯರ್ ತನ್ನ ಕಾರ್ಡನ್ನು ರೀಡರಿಗೆ ತಾಗಿಸಿ, ಪಿನ್ ಒತ್ತುತ್ತಾರೆ. ಪರದೆಯ ಮೂಲೆಯಲ್ಲಿ ಅವರ ಹೆಸರು ಬರುತ್ತದೆ. ಡ್ರಾಯರಿನ ಚಿಲ್ಲರೆ ಎಣಿಸಿ, ಯಾವ ನೋಟು ಎಷ್ಟು ಅಂತ ತುಂಬುವ ತನಕ ಮೊದಲ ಬಿಲ್ಲು ತೆರೆಯುವುದಿಲ್ಲ. ನನಗೆ ಇಷ್ಟವಾದದ್ದು ರಾತ್ರಿಯ ಲೆಕ್ಕ. ಡ್ರಾಯರಿನಲ್ಲಿ ಎಷ್ಟು ಇರಬೇಕು ಎಂಬುದನ್ನು ಯಂತ್ರ ಮೊದಲೇ ಹೇಳುವುದಿಲ್ಲ. ಎಣಿಸಿದವರು ತಮಗೆ ಸಿಕ್ಕ ಮೊತ್ತ ಬರೆದು ಒಪ್ಪಿಸಿದ ಮೇಲೆಯೇ ವ್ಯತ್ಯಾಸ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಬರಬೇಕಾದ ಮೊತ್ತ ಕಣ್ಣೆದುರಿಗೇ ಇರುತ್ತಿತ್ತು. ಹತ್ತಿರಹತ್ತಿರ ಬಂದರೆ ಎಣಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಈಗ ಎಣಿಸುವಾಗ ಎಣಿಕೆಯೊಂದೇ. ಬಿಲ್ಲು ರದ್ದು ಮಾಡಲು, ಮಿತಿ ಮೀರಿದ ರಿಫಂಡ್ ಕೊಡಲು ಸೂಪರ್‌ವೈಸರ್ ಖುದ್ದಾಗಿ ಬಂದು ತಮ್ಮ ಕಾರ್ಡ್ ತಾಗಿಸಬೇಕು. ಯಾರು ಯಾವಾಗ ಏನು ಮಾಡಿದರು ಅಂತ ಯಂತ್ರ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಎರಡು ಹೆಸರೂ ಕೂರುತ್ತವೆ.

ಮೊದಮೊದಲು ಹುಡುಗರಿಗೆ ಇದು ಹಿಡಿಸಲಿಲ್ಲ. ನಮ್ಮ ಮೇಲೆ ಕಾವಲು ಹಾಕಿದ್ದಾರೆ ಅಂತ ಗೊಣಗಿದರು. ಆ ಗೊಣಗಾಟ ನಿಂತದ್ದು ಒಂದು ಶಾಖೆಯಲ್ಲಿ ದಿನವೂ ಸ್ವಲ್ಪ ಸ್ವಲ್ಪ ಹಣ ಕಡಿಮೆ ಬರತೊಡಗಿದಾಗ. ಹಿಂದೆ ಆಗಿದ್ದರೆ ಆ ಪಾಳಿಯ ಎಲ್ಲರ ಮುಖವನ್ನೂ ಅನುಮಾನದಿಂದ ನೋಡುವುದು, ಕೊನೆಗೆ ಹೊಸದಾಗಿ ಸೇರಿದವರ ತಲೆಗೆ ಕಟ್ಟುವುದು, ಇಷ್ಟೇ ಆಗುತ್ತಿತ್ತು. ಈ ಬಾರಿ ಲಾಗ್ ತೆರೆದು ನೋಡಿದರೆ, ರಿಯಾಯಿತಿ ಮುಗಿದ ಮೇಲೆ ಕೆಲವು ವಸ್ತುಗಳ ದರವನ್ನು ಕಚೇರಿಯಿಂದ ಮಧ್ಯಾಹ್ನದ ಹೊತ್ತಿಗೆ ಬದಲಿಸಲಾಗಿತ್ತು, ಶೆಲ್ಫಿನ ಲೇಬಲ್ ಮಾತ್ರ ಹಳೆಯದೇ. ಬಿಲ್ಲು ಹೊಸ ದರದಲ್ಲಿ ಬರುತ್ತಿತ್ತು, ಗ್ರಾಹಕರು ಲೇಬಲ್ ತೋರಿಸಿ ಆ ದರವನ್ನೇ ಕೊಟ್ಟು ಹೋಗುತ್ತಿದ್ದರು, ಕ್ಯಾಷಿಯರ್ ಜಗಳ ಬೇಡ ಅಂತ ಸುಮ್ಮನಿದ್ದರು. ದರ ಬದಲಿಸಿದವರ ಹೆಸರು, ಗಂಟೆ, ನಿಮಿಷ ಎಲ್ಲ ಅಲ್ಲಿತ್ತು. ಕೌಂಟರಿನ ಯಾರನ್ನೂ ಪ್ರಶ್ನಿಸುವ ಪ್ರಮೇಯವೇ ಬರಲಿಲ್ಲ. ಕಳ್ಳರನ್ನು ಹಿಡಿಯಲು ಅಂತ ಮಾರಿದ ಸಾಧನ ಇದು. ನಮ್ಮಲ್ಲಿ ಅದು ಹೆಚ್ಚಾಗಿ ಮಾಡಿದ್ದು ಪ್ರಾಮಾಣಿಕರನ್ನು ಉಳಿಸುವ ಕೆಲಸ. ಈಗ ಲೆಕ್ಕ ತಪ್ಪಿದರೆ 'ಲಾಗ್ ನೋಡಿ ಸಾರ್' ಅಂತ ಮೊದಲು ಹೇಳುವವರು ಅವರೇ.

ಕಿರಿಕಿರಿಗಳೂ ಇವೆ. ಕೈ ಬಿಟ್ಟ ಸ್ವಲ್ಪ ಹೊತ್ತಿಗೆ ಪರದೆ ಲಾಕ್ ಆಗುತ್ತದೆ. ಕಾರ್ಡ್ ಪಾವತಿ ತೆಗೆದುಕೊಳ್ಳುವವರಿಗೆ ಅನ್ವಯವಾಗುವ ಪಿಸಿಐ ಡಿಎಸ್‌ಎಸ್ ಮಾನದಂಡ 15 ನಿಮಿಷಕ್ಕಿಂತ ಹೆಚ್ಚು ಸುಮ್ಮನಿದ್ದರೆ ಮತ್ತೆ ಲಾಗಿನ್ ಕೇಳಿ ಅನ್ನುತ್ತದೆ. ಈ ಪ್ಯಾಕೇಜಿನ ಕಂಪನಿಯವರು ಅದಕ್ಕಿಂತ ಬಹಳ ಬಿಗಿ ಇಟ್ಟಿದ್ದರು. ಗ್ರಾಹಕರು ಚೀಲ ತಡಕುವಷ್ಟರಲ್ಲಿ ಲಾಕ್. ಸೆಟ್ಟಿಂಗ್ ಸಡಿಲಿಸಲು ಸಪೋರ್ಟಿನವರ ಬೆನ್ನು ಬೀಳಬೇಕಾಯಿತು. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಿ ಅಂತ ಪೀಡಿಸುವುದಿಲ್ಲ, ಅದು ಸರಿಯಾಗಿದೆ. ಸೋರಿಕೆಯ ಸುಳಿವಿಲ್ಲದೆ ಹಾಗೆ ಬದಲಿಸಬೇಕಿಲ್ಲ ಎಂದು ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ನಿಸ್ಟ್‌ನ ಮಾರ್ಗಸೂಚಿಯೇ 2017ರಲ್ಲಿ ಹೇಳಿತ್ತು. ಮ್ಯಾನೇಜರುಗಳ ಲಾಗಿನ್ನಿಗೆ ಫೋನಿನಲ್ಲಿ ಕಾಣುವ, 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಬೇಕು. ಪಾಳಿಯಲ್ಲಿ ಫೋನ್ ಲಾಕರಿನಲ್ಲಿಡುವ ನಿಯಮ ನಮ್ಮದು, ಹಾಗಾಗಿ ಕೋಡಿನ ಬದಲು ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಕೀಗಳನ್ನು ಕೊಂಡೆವು. ಎಲ್ಲರಿಗೂ ಕೊಡಿಸುವಷ್ಟು ಬಜೆಟ್ ಇರಲಿಲ್ಲ. ಮ್ಯಾನೇಜರುಗಳಿಗೆ ಮತ್ತು ಲೆಕ್ಕದವರಿಗೆ ಮಾತ್ರ.

ಕಾರ್ಡ್ ವಿವರ ಸ್ವೈಪ್ ಯಂತ್ರದಲ್ಲೇ ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ನಮ್ಮ ಕಡೆಗೆ ಬರುವುದು ಕಾರ್ಡ್ ಸಂಖ್ಯೆಯ ಬದಲಿಗೆ ಬಳಸುವ ಒಂದು ಟೋಕನ್ ಮತ್ತು ಕೊನೆಯ ನಾಲ್ಕು ಅಂಕಿ ಮಾತ್ರ. ನಮ್ಮ ಹತ್ತಿರ ಇಲ್ಲದ್ದನ್ನು ನಮ್ಮಿಂದ ಯಾರೂ ಕದಿಯಲಾರರು ಅನ್ನುವ ಧೈರ್ಯಕ್ಕೇ ಅರ್ಧ ಶುಲ್ಕ ಕೊಡಬಹುದು. ಬಿಲ್ಲಿಂಗ್, ಕ್ಯಾಮೆರಾ, ಗ್ರಾಹಕರ ವೈಫೈ ಈಗ ಒಂದೇ ಜಾಲದ ಬೇರ್ಪಡಿಸಿದ ಭಾಗಗಳಲ್ಲಿ, ಅಂದರೆ ಬೇರೆ ಬೇರೆ ವಿಎಲ್ಯಾನ್‌ಗಳಲ್ಲಿವೆ.

ಇಷ್ಟಕ್ಕೇ ನಿಂತಿದ್ದರೆ ಐದಕ್ಕೆ ಐದು ಕೊಟ್ಟು ಎದ್ದುಬಿಡುತ್ತಿದ್ದೆ.

ವಾರದ ಕೊನೆಗೆ ಲಾಗ್ ಓದುವುದು ನನ್ನ ಚಟ. ಒಂದು ಸಲ ಹಾಗೆ ಓದುವಾಗ, ಒಂದು ಬಗೆಯ ವಸ್ತುಗಳ ತೆರಿಗೆ ದರ ಅಂಗಡಿ ಮುಚ್ಚಿದ ಮೇಲೆ ಬದಲಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತಾದದ್ದು ಕಂಡಿತು. ಹೆಸರಿನ ಜಾಗದಲ್ಲಿ 'ಸಪೋರ್ಟ್' ಅಂತಿತ್ತು. ಕಂಪನಿಯವರನ್ನು ಕೇಳಿದರೆ, ನಮ್ಮ ತಂಡದವರು ಏನೋ ಪರೀಕ್ಷೆ ಮಾಡಿರಬೇಕು ಅಂದರು. ತಂಡದಲ್ಲಿ ಯಾರು? ಅದು ಗೊತ್ತಾಗುವುದಿಲ್ಲ, ಆ ಖಾತೆಯನ್ನು ಎಲ್ಲರೂ ಬಳಸುತ್ತಾರೆ. ನಮ್ಮ ಕೌಂಟರಿನ ಒಬ್ಬೊಬ್ಬರಿಗೂ ಬೇರೆ ಕಾರ್ಡ್, ಬೇರೆ ಪಿನ್ ಕಡ್ಡಾಯ ಅಂತ ಪಾಠ ಹೇಳಿಕೊಟ್ಟವರ ಉತ್ತರ ಇದು. ಮನೆಯ ಕೋಣೆಕೋಣೆಗೂ ಬೀಗ ಹಾಕಿಸಿ, ನಕಲಿ ಕೀ ಗೊಂಚಲನ್ನು ಬೀಗದವನು ತನ್ನ ಅಂಗಡಿಯ ಮೊಳೆಗೆ ನೇತುಹಾಕಿಕೊಂಡ ಹಾಗಾಯಿತು.

ಇದು ನನ್ನ ಅತಿರೇಕ ಅನ್ನಿಸಿದರೆ ಹಳೆಯ ಸುದ್ದಿಗಳನ್ನು ನೆನಪಿಸಿಕೊಳ್ಳಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಹೊಕ್ಕಿದ್ದು ಏರ್ ಕಂಡೀಷನಿಂಗ್ ಮತ್ತು ಶೀತಲ ಯಂತ್ರಗಳ ಗುತ್ತಿಗೆದಾರರಿಂದ ಕದ್ದ ಲಾಗಿನ್ ಹಿಡಿದು. 2021ರ ಜುಲೈನಲ್ಲಿ ಸ್ವೀಡನ್ನಿನ ದಿನಸಿ ಮಳಿಗೆಗಳ ಸರಪಳಿ ಕೋಪ್ ಸುಮಾರು 800 ಅಂಗಡಿಗಳನ್ನು ಮುಚ್ಚಬೇಕಾಯಿತು, ಏಕೆಂದರೆ ಬಿಲ್ಲಿಂಗ್ ಯಂತ್ರಗಳೇ ಕೆಲಸ ಮಾಡಲಿಲ್ಲ. ದಾಳಿ ನಡೆದದ್ದು ನೇರ ಅವರ ಮೇಲಲ್ಲ, ಕಸೇಯಾ ಎಂಬ ಕಂಪನಿಯ ರಿಮೋಟ್ ನಿರ್ವಹಣಾ ಸಾಫ್ಟ್‌ವೇರಿನ ಮೂಲಕ. ಎರಡು ಕಡೆಯೂ ದಾರಿ ಆದದ್ದು ಹೊರಗಿನಿಂದ ಸೇವೆ ಕೊಡುವವರ ಬಾಗಿಲು. ಹೊರಗಿನವರ ರಿಮೋಟ್ ಪ್ರವೇಶವನ್ನು ಬೇಕಾದಾಗ ಮಾತ್ರ ತೆರೆಯಬೇಕು, ತೆರೆದಿರುವಾಗ ಗಮನವಿಡಬೇಕು ಅಂತ ಪಿಸಿಐ ಡಿಎಸ್‌ಎಸ್ ಕೂಡ ಹೇಳುತ್ತದೆ. ಇವರದ್ದು ಹಗಲೂ ರಾತ್ರಿ ತೆರೆದೇ ಇತ್ತು.

ಮೇಲ್ ಮೇಲೆ ಮೇಲ್ ಬರೆದು, ನವೀಕರಣ ಮಾಡಿಸುವುದಿಲ್ಲ ಅಂದ ಮೇಲೆ ಒಂದು ದಾರಿಗೆ ಬಂದರು. ಈಗ ಆ ಖಾತೆ ಸಾಮಾನ್ಯವಾಗಿ ಬಂದ್ ಇರುತ್ತದೆ. ತೊಂದರೆ ಬಂದಾಗ ನಾವು ಟಿಕೆಟ್ (ದೂರು) ಹಾಕಿ, ನಾವೇ ಬಟನ್ ಒತ್ತಿ ತೆರೆದರೆ ನಿಗದಿತ ಹೊತ್ತಿನ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಹೆಸರು ಇನ್ನೂ 'ಸಪೋರ್ಟ್' ಅಂತಲೇ. ಬೇರೆ ಬೇರೆ ಖಾತೆ ಮುಂದಿನ ಆವೃತ್ತಿಯಲ್ಲಿ ಬರುತ್ತದಂತೆ. ಆವೃತ್ತಿಗಳು ಬಂದು ಹೋಗುತ್ತಿವೆ, ಅದು ಬಂದಿಲ್ಲ.

ಇಂಟರ್ನೆಟ್ ಹೋದರೆ ನಗದು ಬಿಲ್ಲು ನಡೆಯುತ್ತದೆ, ಕಾರ್ಡ್ ನಡೆಯುವುದಿಲ್ಲ. ಬ್ಯಾಕಪ್ ಇದೆ ಅಂದರೆ ನಂಬಬೇಡಿ, ಒಂದು ಶಾಖೆಯ ಡೇಟಾವನ್ನು ಖಾಲಿ ಯಂತ್ರಕ್ಕೆ ವಾಪಸ್ ತಂದು ತೋರಿಸಿ ಅನ್ನಿ. ಇವರು ತೋರಿಸಿದರು, ನಿಧಾನವಾಗಿಯಾದರೂ ಪೂರ್ತಿ ಬಂತು.

ನನ್ನ ಅಂಕ ಐದಕ್ಕೆ ಮೂರೂವರೆ. ಒಂದೇ ಅಂಗಡಿ, ಕೌಂಟರಿನಲ್ಲಿ ಮನೆಯವರೇ ಕೂರುವುದಾದರೆ ಇಷ್ಟು ಶುಲ್ಕ ಕಟ್ಟುವ ಅಗತ್ಯವಿಲ್ಲ. ಶಾಖೆಗಳಿದ್ದು, ಪಾಳಿಗಳಲ್ಲಿ ಜನ ಬದಲಾಗುತ್ತಿದ್ದರೆ ತೆಗೆದುಕೊಳ್ಳಿ. ಆದರೆ ಸಹಿ ಹಾಕುವ ಮೊದಲು ಡೆಮೋದವರ ಹತ್ತಿರ ಲಾಗ್‌ನ ಪುಟ ತೆರೆಸಿ, ಅವರ ಕಡೆಯವರು ನಿಮ್ಮ ಅಂಗಡಿಯೊಳಗೆ ಯಾವ ಹೆಸರಿನಲ್ಲಿ ಬರುತ್ತಾರೆ ಅಂತ ಕೇಳಿ, ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.