ಜಾಹೀರಾತು ಪಿಚ್‌ಗೆ ಅಡೋಬಿ ಫೈರ್‌ಫ್ಲೈ

2023ರ ಮಾರ್ಚ್‌ನಲ್ಲಿ ಬೀಟಾ ರೂಪದಲ್ಲಿ ಬಂದ ಅಡೋಬಿ ಫೈರ್‌ಫ್ಲೈ, ಗ್ರಾಹಕರ ಮುಂದೆ ಜಾಹೀರಾತಿನ ಕಲ್ಪನೆಯನ್ನು ಮಂಡಿಸುವವರಿಗೆ ನಿಜಕ್ಕೂ ಒದಗಿಬರುವ, ಚಿತ್ರ ರಚಿಸುವ ಎಐ ಸಾಧನ. ಅಡೋಬಿ ಸ್ಟಾಕ್ ಎಂಬ ತನ್ನದೇ ಚಿತ್ರಸಂಗ್ರಹದ ಪರವಾನಗಿ ಇರುವ ಚಿತ್ರಗಳು ಹಾಗೂ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳಿಂದ ಇದಕ್ಕೆ ತರಬೇತಿ ನೀಡಿರುವುದಾಗಿ ಕಂಪನಿ ಹೇಳುವುದರಿಂದ, ಚಿತ್ರದ ಹಕ್ಕು ಯಾರದೆಂದು ಗ್ರಾಹಕರ ವಕೀಲರು ಕೇಳಿದಾಗ ಕೊಡಲು ಒಂದು ಉತ್ತರವಾದರೂ ಇರುತ್ತದೆ. (ಆ ಸ್ಟಾಕ್ ಸಂಗ್ರಹದಲ್ಲಿ ಬೇರೆ ಎಐ ಸಾಧನಗಳ ಚಿತ್ರಗಳೂ ಸೇರಿದ್ದವೆಂದು 2024ರಲ್ಲಿ ವರದಿಯಾದದ್ದು ಬೇರೆ ಮಾತು.) ಎಲ್ಲಕ್ಕಿಂತ ಹಿಡಿಸಿದ್ದು ಫೋಟೋಶಾಪ್‌ನೊಳಗಿನ ಜನರೇಟಿವ್ ಫಿಲ್ (ಆಯ್ದ ಜಾಗವನ್ನು ಎಐ ತುಂಬಿಕೊಡುವ ಸೌಲಭ್ಯ): ನಿಂತ ಚೌಕಟ್ಟಿನ ಚಿತ್ರವನ್ನು ಹೋರ್ಡಿಂಗ್‌ನ ಅಗಲಕ್ಕೆ ಹಿಗ್ಗಿಸಲು, ಹಿನ್ನೆಲೆಯನ್ನು ಬದಲಿಸಲು ಹೆಚ್ಚು ಹೊತ್ತು ಬೇಡ. ಚಿತ್ರ ರಚಿಸುವ ಎಐ ಸಾಧನಗಳಲ್ಲಿ ಕನ್ನಡದ ಒತ್ತಕ್ಷರಗಳು ಕಲಸಿಹೋಗುವುದು ಸಾಮಾನ್ಯವಾದ್ದರಿಂದ, ಘೋಷವಾಕ್ಯವನ್ನು ಮಾತ್ರ ಕೈಯಾರೆ ಕೂರಿಸುವುದೇ ಲೇಸು.