ಚಿಕ್ಕಮಗಳೂರಿನ ಕಾಫಿ ಖರೀದಿ ಕಚೇರಿಯಲ್ಲಿ ಫ್ರೀಬಿಎಸ್‌ಡಿ 14: ಒಂದು ವಿಮರ್ಶೆ

ಚಿಕ್ಕಮಗಳೂರಿನಲ್ಲಿರುವ ನಮ್ಮ ಕಾಫಿ ಖರೀದಿ ಕಚೇರಿಯ ಸರ್ವರ್‌ನಲ್ಲಿ ಮೂಡಿಗೆರೆ ಮತ್ತು ಬಾಳೆಹೊನ್ನೂರಿನ ಡಿಪೋಗಳ ತೂಕ, ತೇವಾಂಶ ಮತ್ತು ಬಿಲ್ಲುಗಳ ಲೆಕ್ಕವೆಲ್ಲ ಇದೆ. ಕೊಯ್ಲಿನ ತಿಂಗಳುಗಳಲ್ಲಿ ಅದನ್ನು ಮುಟ್ಟುವಂತಿಲ್ಲವಾದ್ದರಿಂದ, ಭದ್ರತೆ ಮತ್ತು ವೇಗಕ್ಕೆ ಸಂಬಂಧಿಸಿದ ಹೊಸ ಸೌಲಭ್ಯಗಳ ಪರೀಕ್ಷೆಯನ್ನು ಮಳೆಗಾಲದಲ್ಲಿ ಫ್ರೀಬಿಎಸ್‌ಡಿ 14 ಎಂಬ, ಯುನಿಕ್ಸ್ ಮಾದರಿಯ ಉಚಿತ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಸಿದೆವು.

ಇಂಥ ಪ್ರಯೋಗಕ್ಕೆ ಈ ವ್ಯವಸ್ಥೆಯನ್ನು ಆರಿಸಲು ಮುಖ್ಯ ಕಾರಣ ಅದರ ಬೂಟ್ ಎನ್ವಿರಾನ್‌ಮೆಂಟ್. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೇಲೆ ಸ್ಥಾಪಿಸಿದ್ದರೆ, ಇಡೀ ವ್ಯವಸ್ಥೆಯ ಒಂದು ಪ್ರತಿಯನ್ನು ಕ್ಷಣಮಾತ್ರದಲ್ಲಿ ಸೃಷ್ಟಿಸಿ, ಮುಂದಿನ ಒಂದು ಬೂಟ್‌ಗೆ ಮಾತ್ರ ಅದನ್ನು ಜಾರಿಗೆ ತರಬಹುದು. ಯಂತ್ರ ಅಲ್ಲಿ ಸಿಕ್ಕಿಕೊಂಡರೆ, ಕಚೇರಿಯ ಹುಡುಗ ಸ್ವಿಚ್ ಆರಿಸಿ ಹಾಕಿದರೆ ಸಾಕು, ಹಳೆಯದು ತಾನಾಗಿ ಮೇಲೇಳುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಡೇಟಾಬೇಸ್‌ಗಳು ಸಾಮಾನ್ಯವಾಗಿ ಕೂರುವ ಡೈರೆಕ್ಟರಿ ಪೂರ್ವನಿಯೋಜಿತ ವಿನ್ಯಾಸದಲ್ಲಿ ಬೂಟ್ ಎನ್ವಿರಾನ್‌ಮೆಂಟ್‌ನ ಒಳಗೇ ಇರುವುದರಿಂದ, ಅದನ್ನು ಬೇರೆ ಡೇಟಾಸೆಟ್ (ಝಡ್‌ಎಫ್‌ಎಸ್‌ನ ಪ್ರತ್ಯೇಕ ವಿಭಾಗ) ಮಾಡದಿದ್ದರೆ ವ್ಯವಸ್ಥೆಯೊಂದಿಗೆ ಲೆಕ್ಕವೂ ಹಿಂದಕ್ಕೆ ಹೋಗುತ್ತದೆ.

ವೇಗದ ಸೌಲಭ್ಯಗಳಲ್ಲಿ ಬ್ಲಾಕ್ ಕ್ಲೋನಿಂಗ್ ಅನ್ನು ನಾವು ಬಳಸಲಿಲ್ಲ. ಕಡತವನ್ನು ನಕಲಿಸುವಾಗ ದತ್ತಾಂಶವನ್ನು ಮತ್ತೆ ಬರೆಯದೆ ಅದಕ್ಕೆ ಉಲ್ಲೇಖವನ್ನಷ್ಟೇ ಸೇರಿಸುವ ಈ ತಂತ್ರ 2023ರ ಅಕ್ಟೋಬರ್‌ನಲ್ಲಿ ಝಡ್‌ಎಫ್‌ಎಸ್‌ನ ಮುಕ್ತ ರೂಪವಾದ ಓಪನ್‌ಝಡ್‌ಎಫ್‌ಎಸ್ 2.2ರ ಜೊತೆ ಬಂತು. ನಕಲಾದ ಕಡತಗಳ ನಡುವೆ ಸೊನ್ನೆಗಳು ಕಾಣಿಸಿಕೊಂಡಾಗ ಅನುಮಾನ ಮೊದಲು ಅದರ ಮೇಲೆಯೇ ಬಿತ್ತು. ನಿಜವಾದ ದೋಷ ಅದಕ್ಕಿಂತ ಹಳೆಯದೆಂದು ತಿಳಿದು, ನವೆಂಬರ್ ಕೊನೆಯಲ್ಲಿ 2.2.2 ಮತ್ತು 2.1.14 ಆವೃತ್ತಿಗಳಲ್ಲಿ ಸರಿಹೋಯಿತು. ಫ್ರೀಬಿಎಸ್‌ಡಿ 14.0 ಈ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿಯೇ ಹೊರಬಂದದ್ದು ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಅರ್ಹತೆ.

ನಿಜವಾಗಿ ಉಪಯೋಗಕ್ಕೆ ಬಂದದ್ದು ನೆಟ್‌ಫ್ಲಿಕ್ಸ್‌ನ ಎಂಜಿನಿಯರ್‌ಗಳು ಬೆಳೆಸಿದ ರ‍್ಯಾಕ್ ಎಂಬ ಟಿಸಿಪಿ ಸ್ಟ್ಯಾಕ್, ಅಂದರೆ ಜಾಲದಲ್ಲಿ ದತ್ತಾಂಶವನ್ನು ಕಳಿಸಿ ಅದು ತಲುಪಿತೇ ಎಂದು ನೋಡಿಕೊಳ್ಳುವ ತಂತ್ರಾಂಶ. ಪ್ಯಾಕೆಟ್ ಕಳೆದುಹೋಗಿದೆಯೆಂಬುದನ್ನು ಮರುಕಳಿಸಿದ ಸ್ವೀಕೃತಿಗಳ ಎಣಿಕೆಯಿಂದಲ್ಲದೆ ಕಾಲದ ಆಧಾರದ ಮೇಲೆ ಅದು ನಿರ್ಧರಿಸುತ್ತದೆ. ಮಳೆ ಹಿಡಿದ ದಿನಗಳಲ್ಲಿ ಪ್ಯಾಕೆಟ್‌ಗಳನ್ನು ಉದುರಿಸುವ ಮೂಡಿಗೆರೆಯ ವೈರ್‌ಲೆಸ್ ಸಂಪರ್ಕದಲ್ಲಿ ರಾತ್ರಿಯ ಬ್ಯಾಕಪ್ ತಡವರಿಸದೆ ಮುಗಿಯತೊಡಗಿತು. ಕಚೇರಿಯ ಒಳಗಿನ ಕೇಬಲ್ ಜಾಲದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಭದ್ರತೆಯ ಕಡೆ, ಮೆಮೊರಿ ವಿಳಾಸಗಳನ್ನು ಕಲಸುವ ಎಎಸ್‌ಎಲ್‌ಆರ್ 64 ಬಿಟ್ ಪ್ರೋಗ್ರಾಂಗಳಿಗೆ 13.2ರಿಂದಲೇ ತಾನಾಗಿ ಜಾರಿಯಲ್ಲಿದೆ. ಒಬ್ಬ ಬಳಕೆದಾರನ ಪ್ರಕ್ರಿಯೆಗಳು ಮತ್ತೊಬ್ಬನಿಗೆ ಕಾಣದಂತೆ ಮಾಡುವುದೂ ಇನ್‌ಸ್ಟಾಲರ್‌ನಲ್ಲಿ ಒಂದು ಗುರುತು ಹಾಕುವಷ್ಟು ಸುಲಭ. ಯೋಚಿಸಿ ಮುಟ್ಟಬೇಕಾದದ್ದು ನಿರ್ಬಂಧಗಳನ್ನು ಹಂತಹಂತವಾಗಿ ಬಿಗಿಗೊಳಿಸುವ ಸೆಕ್ಯೂರ್‌ಲೆವೆಲ್. ಬೂಟ್ ಎನ್ವಿರಾನ್‌ಮೆಂಟ್ ಹಿಂದಿರುಗುವ ದಾರಿಯನ್ನು ತೆರೆದಿಟ್ಟರೆ, ಇದು ಅದನ್ನು ಬೇಕೆಂದೇ ಮುಚ್ಚುತ್ತದೆ: ಯಂತ್ರ ನಡೆಯುತ್ತಿರುವಾಗ ಹಂತವನ್ನು ಏರಿಸಬಹುದೇ ಹೊರತು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನೂ ಇಳಿಸಲಾರ. ಒಂದನೆಯ ಹಂತದಲ್ಲಿಯೇ ಕರ್ನಲ್ ಮಾಡ್ಯೂಲ್‌ಗಳ (ರ‍್ಯಾಕ್‌ನಂತೆ ವ್ಯವಸ್ಥೆಯ ತಿರುಳಿಗೆ ಸೇರುವ ತುಣುಕುಗಳ) ಲೋಡ್ ನಿಂತುಹೋಗುವುದರಿಂದ, ರ‍್ಯಾಕ್ ಬೇಕಾದವರು ಅದು ಹಂತ ಏರುವ ಮೊದಲೇ ಲೋಡ್ ಆಗುವಂತೆ, ಉದಾಹರಣೆಗೆ ಬೂಟ್ ಲೋಡರ್‌ನ ಸಂರಚನೆಯಲ್ಲಿ, ಸೇರಿಸಿಡಬೇಕು. ಎರಡನೆಯ ಹಂತದಲ್ಲಿ ಗಡಿಯಾರವನ್ನು ಒಂದು ಸೆಕೆಂಡಿಗಿಂತ ಹೆಚ್ಚು ಬದಲಿಸಲಾಗದು. ಕರೆಂಟ್ ಹೋಗಿ ಬರುವ ಊರಿನಲ್ಲಿ, ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದು, ಸರ್ವರ್ ಎದ್ದ ಮೇಲೆ ಇಂಟರ್‌ನೆಟ್ ತಡವಾಗಿ ಬಂದರೆ, ತಪ್ಪಿದ ಸಮಯ ಹಾಗೆಯೇ ಉಳಿದು ಬಿಲ್ಲುಗಳ ದಿನಾಂಕವೇ ಕೆಡುತ್ತದೆ. ಹೊಸ ಬ್ಯಾಟರಿ ಹಾಕದೆ ಈ ಹಂತಕ್ಕೆ ಹೋಗಬಾರದು.

ಈ ವ್ಯವಸ್ಥೆಯನ್ನು ಬಲ್ಲ ತಂತ್ರಜ್ಞರು ನಮ್ಮ ಊರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಕೈಪಿಡಿಯನ್ನು ಓದುವ ತಾಳ್ಮೆಯಿಲ್ಲದ ಕಚೇರಿಗೆ ಇದನ್ನು ಶಿಫಾರಸು ಮಾಡಲಾರೆ. ನಾವು ರ‍್ಯಾಕ್ ಅನ್ನು ಉಳಿಸಿಕೊಂಡು, ಸೆಕ್ಯೂರ್‌ಲೆವೆಲ್‌ನ ಒಂದನೆಯ ಹಂತದಲ್ಲಿ ನಿಂತಿದ್ದೇವೆ. ಮೂರನೆಯ ಹಂತದಲ್ಲಿ ಫೈರ್‌ವಾಲ್ ನಿಯಮಗಳೂ ಬಿಗಿಯಾಗುವುದರಿಂದ, ಹೊಸ ಡಿಪೋ ಒಂದನ್ನು ಜೋಡಿಸಬೇಕಾದಾಗಲೆಲ್ಲ ಸರ್ವರ್ ಅನ್ನು ನಿಲ್ಲಿಸಬೇಕಾಗುತ್ತದೆ, ಮತ್ತು ಹೊಸ ಡಿಪೋ ತೆರೆಯುವುದು ಕೊಯ್ಲಿನ ಕಾಲದಲ್ಲಿಯೇ.